ಐಸ್‌ಲ್ಯಾಂಡ್ ಆಮೇಲೆ, ಮೊದಲು ಆ ಫಾರ್ಮ್ ತೆಗೆಯಿರಿ

ಪ್ರಶ್ನೆ: ನಾವು ಮೂವರು ಸೇರಿ ಡೊಂಬಿವಲಿಯಿಂದ ಕನ್ನಡದ ಒಂದು ಸಣ್ಣ ಸುದ್ದಿ ತಾಣ ನಡೆಸುತ್ತೇವೆ. ಪಾಲಿಕೆಯ ಟೆಂಡರ್, ಚಾಳ್‌ಗಳ ರೀಡೆವಲಪ್‌ಮೆಂಟ್, ಹೋಟೆಲ್ ಕೆಲಸಗಾರರ ಪಿಎಫ್, ಹೀಗೆ ಬರೆಯುತ್ತೇವೆ. ಹೋದ ತಿಂಗಳು ಒಂದು ವರದಿ ಹಾಕಿದ ಮೇಲೆ ಇಬ್ಬರು ಬಂದು 'ಈ ಕಾಗದ ಕೊಟ್ಟವರು ಯಾರು' ಅಂತ ಕೇಳಿದರು. ನಾವು ಹೇಳಲಿಲ್ಲ. ನಮ್ಮ ಹೋಸ್ಟಿಂಗ್ (ಸೈಟ್ ಇಡುವ ಸರ್ವರಿನ ಬಾಡಿಗೆ) ಇಲ್ಲಿಯ ಕಂಪನಿಯದೇ, ವರ್ಷಕ್ಕೆ 2,400 ರೂಪಾಯಿ, ಇಮೇಲ್ ಕೂಡ ಅದರಲ್ಲೇ. ಸೈಟಿನಲ್ಲಿ 'ಸುದ್ದಿ ಕೊಡಿ' ಅಂತ ಒಂದು ಫಾರ್ಮ್ ಇದೆ. ಪುಣೆಯಲ್ಲಿ ಐಟಿ ಕೆಲಸದಲ್ಲಿರುವ ನನ್ನ ಭಾವ, ಐಸ್‌ಲ್ಯಾಂಡ್ ಇಲ್ಲವೇ ಸ್ವಿಟ್ಜರ್‌ಲ್ಯಾಂಡಿನ ಸರ್ವರ್ ತೆಗೆದುಕೊಳ್ಳಿ, ಸರ್ಕಾರದ ಕೈ ಅಲ್ಲಿಗೆ ಹೋಗುವುದಿಲ್ಲ ಅನ್ನುತ್ತಾರೆ. ನಿಜವೇ? ಯಾವುದು ತೆಗೆದುಕೊಳ್ಳಬೇಕು? ತಿಂಗಳಿಗೆ ಸಾವಿರ ರೂಪಾಯಿ ಮೀರುವ ಹಾಗಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ನಾನು ನಿಂತಿದ್ದು ಐಸ್‌ಲ್ಯಾಂಡ್ ಹತ್ತಿರ ಅಲ್ಲ, ಆ ಫಾರ್ಮ್ ಹತ್ತಿರ.

ಆ ಫಾರ್ಮ್ ತುಂಬಿದವರಿಗೆ ಏನಾಗುತ್ತದೆ ನೋಡಿ. ಪಾಲಿಕೆಯ ಒಬ್ಬ ಗುಮಾಸ್ತರು ರಾತ್ರಿ ಊಟ ಮುಗಿಸಿ, ಮನೆಯಲ್ಲಿ ಕೂತು ನಿಮ್ಮ ತಾಣ ತೆರೆದು ನಾಲ್ಕು ಮಾತು ಬರೆದು ಕಳಿಸಿದರು ಅಂದುಕೊಳ್ಳಿ. ಹೆಸರು ಹಾಕಲಿಲ್ಲ. ಹಾಗಾಗಿ ತಾನು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ನಿಶ್ಚಿಂತೆಯಿಂದ ಮಲಗಿದರು. ಇತ್ತ ನಿಮ್ಮ ವರ್ಡ್‌ಪ್ರೆಸ್‌ನ (ಸೈಟ್ ನಡೆಸುವ ತಂತ್ರಾಂಶ) ಫಾರ್ಮ್ ಪ್ಲಗಿನ್ ಆ ಮಾತುಗಳನ್ನು ಡೇಟಾಬೇಸಿನಲ್ಲಿ ಬರೆದುಕೊಂಡಿತು. ಎಷ್ಟೋ ಪ್ಲಗಿನ್‌ಗಳು ಕಳಿಸಿದವರ ಐಪಿ ವಿಳಾಸವನ್ನೂ, ಅಂದರೆ ಅವರ ಇಂಟರ್ನೆಟ್ ಸಂಪರ್ಕದ ನಂಬರನ್ನೂ, ಜೊತೆಗೇ ಇಟ್ಟುಕೊಳ್ಳುತ್ತವೆ. ಒಂದು ಪ್ರತಿ ನಿಮ್ಮ ಇಮೇಲಿಗೆ ಹೋಯಿತು. ಆ ಇಮೇಲೂ ಅದೇ ಸರ್ವರಿನಲ್ಲಿದೆ. ಸರ್ವರಿನ ಲಾಗ್‌ನಲ್ಲಿ ಇನ್ನೊಂದು ಸಾಲು ಬಿತ್ತು: ಇಂಥ ಐಪಿಯಿಂದ, ಇಷ್ಟು ಗಂಟೆಗೆ, ಈ ಪುಟಕ್ಕೆ ಬಂದರು ಅಂತ. ಬೆಳಗಿನ ಜಾವ ಹೋಸ್ಟಿಂಗ್ ಕಂಪನಿ ಬ್ಯಾಕಪ್ ತೆಗೆಯಿತು, ಇದೆಲ್ಲದಕ್ಕೂ ಮತ್ತೊಂದು ನಕಲು ಆಯಿತು.

ಆ ಕಡೆ, ಗುಮಾಸ್ತರ ಮನೆಯ ಇಂಟರ್ನೆಟ್ ಕಂಪನಿಯಲ್ಲೂ ಒಂದು ದಾಖಲೆ ಇದೆ. ಈ ಗ್ರಾಹಕರ ಬಳಿ ಈ ಹೊತ್ತಿಗೆ ಈ ಐಪಿ ಇತ್ತು, ಇಂಥ ಸರ್ವರಿಗೆ ಹೋಗಿದ್ದರು ಎಂದು. 2021ರ ಡಿಸೆಂಬರ್‌ನಲ್ಲಿ ಟೆಲಿಕಾಂ ಲೈಸೆನ್ಸಿನ ಷರತ್ತು ಬದಲಾದ ಮೇಲೆ ಇಂಥ ದಾಖಲೆಯನ್ನು ಕನಿಷ್ಠ 2 ವರ್ಷ ಇಡಬೇಕು. ಎರಡೂ ದಾಖಲೆ ಪಕ್ಕಪಕ್ಕ ಇಟ್ಟು ನೋಡಿದರೆ ಮುಗಿಯಿತು, ಗುಮಾಸ್ತರ ಮನೆ ನಂಬರ್ ಸಿಕ್ಕಿತು. ಇದಕ್ಕೆ ದೊಡ್ಡ ಹ್ಯಾಕರ್ ಬೇಕಾಗಿಲ್ಲ. ಒಂದು ಕಾಗದ, ಒಂದು ಎಕ್ಸೆಲ್ ಶೀಟ್ ಸಾಕು.

ಇದೇ ಸೈಟನ್ನು ಗಂಟುಮೂಟೆ ಕಟ್ಟಿ ಐಸ್‌ಲ್ಯಾಂಡಿಗೆ ಸಾಗಿಸಿದರೂ ಆ ಡೇಟಾಬೇಸ್, ಆ ಮೇಲ್ ಪೆಟ್ಟಿಗೆ, ಆ ಲಾಗ್ ಎಲ್ಲ ನಿಮ್ಮ ಜೊತೆಗೇ ಬರುತ್ತವೆ. ಅವುಗಳ ಪಾಸ್‌ವರ್ಡ್ ಡೊಂಬಿವಲಿಯ ನಿಮ್ಮ ಲ್ಯಾಪ್‌ಟಾಪಿನಲ್ಲೇ ಸೇವ್ ಆಗಿರುತ್ತದೆ. ನಿಮ್ಮ ಮನೆಗೆ ಬಂದ ಇಬ್ಬರಿಗೆ ಐಸ್‌ಲ್ಯಾಂಡಿನ ಟಿಕೆಟ್ ಬೇಕಾಗಿಲ್ಲ, ಅಲ್ವಾ?

ನಾನು ಮಹಾಪೆಯ ಒಂದು ಡೇಟಾ ಸೆಂಟರ್‌ನಲ್ಲಿ ಹಲವು ವರ್ಷ ರಾತ್ರಿ ಪಾಳಿ ಮಾಡಿದವ. ಅಲ್ಲಿ ಕಂಡ ಒಂದು ಸಂಗತಿ ಹೇಳುತ್ತೇನೆ, ಕಂಪನಿಯ ಹೆಸರು ಬೇಡ. ಒಂದು ಸಂಜೆ ಪೊಲೀಸ್ ಠಾಣೆಯಿಂದ ಕಾಗದ ಬಂತು. ಒಬ್ಬ ಗ್ರಾಹಕರ ಸೈಟಿಗೆ ಸಂಬಂಧಿಸಿದಂತೆ ಒಂದೇ ದಿನದ ಲಾಗ್ ಕೇಳಿದ್ದರು. ನಮ್ಮ ಶಿಫ್ಟ್ ಮೇಲ್ವಿಚಾರಕರು ಪಾಪದ ಮನುಷ್ಯ, ಊರು ಕಾರ್ಕಳದ ಕಡೆ. 'ಒಂದು ದಿನದ್ದು ಬೇರೆ ಮಾಡ್ತಾ ಕೂತರೆ ರಾತ್ರಿ ಆಗ್ತದೆ ಮಾರಾಯ, ಇಡೀ ಫೋಲ್ಡರ್ ಕೊಟ್ಟುಬಿಡು' ಅಂದರು. ಕೊಟ್ಟೆವು. ಎಂಟು ತಿಂಗಳ ಲಾಗ್. ಅದರಲ್ಲಿ ಬೇರೆ ಯಾರ್‍ಯಾರ ಸೈಟುಗಳದ್ದೂ ಇತ್ತು, ಶೇರ್ಡ್ ಸರ್ವರ್ ಅದು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಮನೆಗೆ ಹೋಗಬೇಕಿತ್ತು ಅಷ್ಟೆ. ಪೆನ್ ಡ್ರೈವ್‌ಗೆ ಕಾಪಿ ಮಾಡಿದ್ದು ನಾನೇ. ಹೋಸ್ಟಿಂಗ್ ಬಗ್ಗೆ ಯಾರು ಕೇಳಿದರೂ ನನಗೆ ಆ ಪೆನ್ ಡ್ರೈವ್ ನೆನಪಾಗುತ್ತದೆ.

ತಿಂಗಳಿಗೆ 200 ರೂಪಾಯಿ ಕೊಡುವ ಗ್ರಾಹಕರಿಗಾಗಿ ಯಾವ ಕಂಪನಿಯೂ ವಕೀಲರನ್ನು ಇಡುವುದಿಲ್ಲ. ಇಟ್ಟಿದ್ದರೂ ಇಲ್ಲಿಯ ಕಾನೂನು ಅವರಿಗೆ ಜಾಸ್ತಿ ಜಾಗ ಬಿಟ್ಟಿಲ್ಲ. ಐಟಿ ಕಾಯ್ದೆಯ 69ನೇ ಕಲಂ ಪ್ರಕಾರ ಸರ್ಕಾರ ಮಾಹಿತಿ ತಡೆದು ನೋಡಬಹುದು, ಬೀಗ ಹಾಕಿದ್ದರೆ ಬಿಚ್ಚಿ ಕೊಡಿ ಅನ್ನಬಹುದು. ಒಪ್ಪದವರಿಗೆ 7 ವರ್ಷದವರೆಗೆ ಜೈಲು. ಆದೇಶ ಬಂದಿದೆ ಅಂತ ನಿಮಗೆ ತಿಳಿಸುವ ಹಾಗೂ ಇಲ್ಲ, ಗೋಪ್ಯವಾಗಿಡಬೇಕು ಅಂತ 2009ರ ನಿಯಮವೇ ಹೇಳುತ್ತದೆ. ಪೊಲೀಸರು ತನಿಖೆಗೆ ಬೇಕಾದ ದಾಖಲೆಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ಕೇಳಬಹುದು. 2021ರ ಐಟಿ ನಿಯಮ ಬಂದ ಮೇಲೆ ಲಿಖಿತ ಆದೇಶ ಸಿಕ್ಕ 72 ಗಂಟೆಯೊಳಗೆ ಮಾಹಿತಿ ಕೊಡಬೇಕು. ಇದರ ಮೇಲೆ 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸಿತು. ಡೇಟಾ ಸೆಂಟರ್, ಕ್ಲೌಡ್, ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್), ವಿಪಿಎನ್ (ಬಳಸುವವರ ಐಪಿ ಮರೆಮಾಡುವ ಸೇವೆ) ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್, ಐಪಿ, ಯಾಕೆ ತೆಗೆದುಕೊಂಡರು ಅನ್ನುವುದನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಗ್ರಾಹಕ ಬಿಟ್ಟು ಹೋದ ಮೇಲೂ 5 ವರ್ಷ. ಲಾಗ್‌ಗಳನ್ನು 180 ದಿನ. ಇದು ಬಂದದ್ದೇ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್, ಪ್ರೋಟಾನ್ ಒಬ್ಬೊಬ್ಬರಾಗಿ ಭಾರತದಿಂದ ಸರ್ವರ್ ಎತ್ತಿಕೊಂಡು ಹೋದರು.

ಅಂದ ಮೇಲೆ ಭಾವ ಹೇಳಿದ್ದು ಸರಿ ಅಲ್ವಾ? ಅರ್ಧ ಸರಿ. ಅವರು ಎರಡು ಬೇರೆ ಭಯಗಳನ್ನು ಒಂದೇ ಚೀಲಕ್ಕೆ ಹಾಕಿದ್ದಾರೆ. ಒಂದು, ಸೈಟನ್ನು ಜನ ನೋಡದ ಹಾಗೆ ಮಾಡುವುದು. ಇನ್ನೊಂದು, ನಿಮಗೆ ಸುದ್ದಿ ಕೊಟ್ಟವರನ್ನು ಹುಡುಕುವುದು.

ಮೊದಲನೆಯದಕ್ಕೆ ಸರ್ವರ್ ಎಲ್ಲಿದ್ದರೂ ಒಂದೇ. 2025ರ ಫೆಬ್ರವರಿಯಲ್ಲಿ ತಮಿಳಿನ ವಿಕಟನ್ ತಾಣ ಒಂದು ವ್ಯಂಗ್ಯಚಿತ್ರದ ಕಾರಣಕ್ಕೆ ದೇಶದಲ್ಲಿ ತೆರೆಯದ ಹಾಗಾಯಿತು. ಮದ್ರಾಸ್ ಹೈಕೋರ್ಟಿಗೆ ಹೋಗಿ, ಆ ಚಿತ್ರವನ್ನು ತೆಗೆಯುವ ಷರತ್ತಿನ ಮೇಲೆ ಮಾರ್ಚ್‌ನಲ್ಲಿ ಬಿಡುಗಡೆ ಸಿಕ್ಕಿತು. ಅದೇ ವರ್ಷ ಮೇ ತಿಂಗಳಲ್ಲಿ ದಿ ವೈರ್ ತಾಣವೂ ಕೆಲಕಾಲ ತೆರೆಯಲಿಲ್ಲ. ಬ್ಲಾಕ್ ಮಾಡುವವರು ಸರ್ವರನ್ನು ಮುಟ್ಟುವುದೇ ಇಲ್ಲ. ಜಿಯೋ, ಏರ್‌ಟೆಲ್‌ನಂಥ ಇಂಟರ್ನೆಟ್ ಕಂಪನಿಗಳಿಗೆ ಆದೇಶ ಹೋಗುತ್ತದೆ, ಅವರು ಬಾಗಿಲು ಮುಚ್ಚುತ್ತಾರೆ. ಎಚ್‌ಟಿಟಿಪಿಎಸ್ ಅನ್ನುವ ಬೀಗ ಇದೆಯಲ್ಲ ಅಂತೀರಾ? ಅದರಲ್ಲಿ ನೀವು ಓದುವ ಪುಟ ಮುಚ್ಚಿರುತ್ತದೆ. ತಾಣದ ಹೆಸರು ಮಾತ್ರ ಅಂಚೆ ಕವರಿನ ಮೇಲಿನ ವಿಳಾಸದ ಹಾಗೆ ಹೊರಗೇ ಕಾಣುತ್ತದೆ. ಆ ಹೆಸರನ್ನು ಓದಿಯೇ ಜಿಯೋದಲ್ಲಿ ತಡೆಯುತ್ತಿದ್ದಾರೆ ಅಂತ 2019ರಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು ಪರೀಕ್ಷೆ ಮಾಡಿ ತೋರಿಸಿದ್ದರು. ನಿಮ್ಮ ಸರ್ವರ್ ಐಸ್‌ಲ್ಯಾಂಡಿನ ರೆಕ್ಯಾವಿಕ್‌ನಲ್ಲಿರಲಿ, ಐರೋಲಿಯಲ್ಲಿರಲಿ, ಕಾಂದಿವಲಿಯ ಓದುಗರ ಫೋನಿನಲ್ಲಿ ತೆರೆಯುವುದಿಲ್ಲ.

ಅದಕ್ಕೆ ಮದ್ದು ಬೇರೆ. ಸೈಟನ್ನು ಸ್ಟ್ಯಾಟಿಕ್ ಮಾಡಿ, ಅಂದರೆ ಡೇಟಾಬೇಸ್ ಇಲ್ಲದ ಬರೀ ಪುಟಗಳ ಕಟ್ಟು. ಹ್ಯೂಗೋ, ಜೆಕಿಲ್ ಅಂತ ಉಚಿತ ಸಾಧನಗಳಿವೆ, ಭಾವನವರಿಗೆ ಒಂದು ಭಾನುವಾರದ ಕೆಲಸ. ಇಡೀ ಸೈಟ್ ಒಂದು ಪೆನ್ ಡ್ರೈವಿನಲ್ಲಿ ಕೂರುತ್ತದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಅರ್ಧ ಗಂಟೆಯಲ್ಲಿ ಎಬ್ಬಿಸಬಹುದು. ಓದುಗರ ಇಮೇಲ್ ಪಟ್ಟಿಯೊಂದನ್ನು ಈಗಿನಿಂದಲೇ ಕೂಡಿಸಿಕೊಳ್ಳಿ, ಪೂರ್ತಿ ವರದಿಯನ್ನೇ ಅದರಲ್ಲಿ ಕಳಿಸಿ. ಮಾಟುಂಗಾದ ಹೋಟೆಲಿನಲ್ಲಿ ಕೂತು ಮೇಲ್ ಓದುವವರಿಗೆ ನಿಮ್ಮ ಸೈಟ್ ತೆರೆಯಲಿಲ್ಲ ಅನ್ನುವುದೇ ಗೊತ್ತಾಗುವುದಿಲ್ಲ. ಆದರೆ ಆ ಪಟ್ಟಿಯೂ ಜನರ ಹೆಸರೇ ತಾನೇ, ಅದನ್ನು ಸುದ್ದಿ ಕೊಟ್ಟವರ ವಿಷಯದಿಂದ ಪೂರ್ತಿ ಬೇರೆ ಇಡಿ.

ಸ್ಟ್ಯಾಟಿಕ್ ಸೈಟಿನ ಇನ್ನೊಂದು ಗುಣವೇ ನನಗೆ ಹೆಚ್ಚು ಇಷ್ಟ. ಅದಕ್ಕೆ ಏನೂ ನೆನಪಿರುವುದಿಲ್ಲ. ಲಾಗಿನ್ ಇಲ್ಲ, ಪ್ಲಗಿನ್ ಇಲ್ಲ, ಕಾಮೆಂಟ್ ಇಲ್ಲ. ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಕಾಮೆಂಟಿನ ಜೊತೆ ಬರೆದವರ ಐಪಿ ಕೂರುತ್ತದೆ ಅನ್ನುವುದು ಎಷ್ಟೋ ಸಂಪಾದಕರಿಗೆ ಗೊತ್ತಿಲ್ಲ. ಗೂಗಲ್ ಅನಾಲಿಟಿಕ್ಸ್ ಹಾಕಿಕೊಂಡಿದ್ದರೆ ಅದನ್ನೂ ತೆಗೆಯಿರಿ. ಇವತ್ತು ಎಷ್ಟು ಜನ ಓದಿದರು ಅನ್ನುವ ಖುಷಿ ಬಿಡಬೇಕಾಗುತ್ತದೆ. ಕಷ್ಟವೇ, ನನಗೂ ಗೊತ್ತು.

ಈಗ ಎರಡನೇ ಭಯಕ್ಕೆ ಬರೋಣ. ಇಲ್ಲಿ ಹೊರದೇಶದ ಸರ್ವರ್ ನಿಜವಾಗಿ ಒಂದಿಷ್ಟು ಸಹಾಯ ಮಾಡುತ್ತದೆ. ಭಾರತದಲ್ಲಿ ಕಚೇರಿ, ನೌಕರರು, ವ್ಯಾಪಾರ ಏನೂ ಇಲ್ಲದ ಕಂಪನಿಗೆ ಇಲ್ಲಿಯ ಠಾಣೆಯ ಕಾಗದ ಬರೀ ಕಾಗದ. ಸರಿಯಾದ ದಾರಿ ಅಂದರೆ ಎರಡು ದೇಶಗಳ ನಡುವಿನ ಕಾನೂನು ನೆರವಿನ ಮೂಲಕ ಅಲ್ಲಿಯ ನ್ಯಾಯಾಲಯಕ್ಕೆ ಹೋಗಬೇಕು. ನಿಧಾನದ ದಾರಿ, ತಿಂಗಳುಗಟ್ಟಲೆ ಹಿಡಿಯುತ್ತದೆ. ಯಾವುದೋ ಟೆಂಡರ್ ಸುದ್ದಿಗಾಗಿ ಯಾರೂ ಅಷ್ಟು ದೂರ ಹೋಗಲಿಕ್ಕಿಲ್ಲ.

ಇಲ್ಲೇ ಜನ ಎಡವುವುದು. 'ಫಾರಿನ್ ಕಂಪನಿ' ಅಂದುಕೊಂಡು ಅಮೆರಿಕದ ದೊಡ್ಡ ಕ್ಲೌಡ್ ತೆಗೆದುಕೊಳ್ಳುತ್ತಾರೆ. ಅಮೆಜಾನ್ 2016ರಿಂದ ಮುಂಬೈಯಲ್ಲೇ ಕ್ಲೌಡ್ ನಡೆಸುತ್ತಿದೆ. ಮೈಕ್ರೋಸಾಫ್ಟಿನ ಒಂದು ಕೇಂದ್ರ ಪುಣೆಯಲ್ಲೇ ಇದೆ, ಭಾವನ ಆಫೀಸಿನಿಂದ ರಿಕ್ಷಾದಲ್ಲಿ ಹೋಗುವ ದೂರದಲ್ಲಿ ಇದ್ದರೂ ಇರಬಹುದು! ಇಲ್ಲಿ ವ್ಯಾಪಾರ ಮಾಡುವ ಕಂಪನಿ ಇಲ್ಲಿಯ ಆದೇಶಕ್ಕೆ ಉತ್ತರ ಕೊಡಲೇಬೇಕು. ಆದ್ದರಿಂದ ಬಾವುಟ ಯಾವ ದೇಶದ್ದು ಅಂತ ನೋಡಬೇಡಿ. ಭಾರತದಲ್ಲಿ ಅವರಿಗೆ ಕಳೆದುಕೊಳ್ಳುವುದಕ್ಕೆ ಏನಿದೆ ಅಂತ ನೋಡಿ. ಏನೂ ಇಲ್ಲದವರು ಒಳ್ಳೆಯದು.

ಹಾಗಂತ ಪರದೇಶದವರೆಲ್ಲ ದೇವರಲ್ಲ. ಸ್ವಿಟ್ಜರ್‌ಲ್ಯಾಂಡಿನ ಪ್ರೋಟಾನ್ ಮೇಲ್ ಹೆಸರು ನೀವು ಕೇಳಿರುತ್ತೀರಿ. 2021ರಲ್ಲಿ ಫ್ರಾನ್ಸಿನ ಒಬ್ಬ ಪರಿಸರ ಹೋರಾಟಗಾರರ ಪ್ರಕರಣದಲ್ಲಿ ಫ್ರೆಂಚ್ ಪೊಲೀಸರು ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮೂಲಕ ಸ್ವಿಸ್ ಅಧಿಕಾರಿಗಳ ಬಳಿ ಹೋದರು. ಸ್ವಿಸ್ ಆದೇಶ ಬಂತು, ಪ್ರೋಟಾನ್ ಆ ಖಾತೆಯ ಐಪಿ ದಾಖಲಿಸಿ ಕೊಡಬೇಕಾಯಿತು. ಪತ್ರಗಳ ಒಳಗಿನ ಮಾತು ಕೊಡಲಾಗಲಿಲ್ಲ, ಯಾಕೆಂದರೆ ಅದನ್ನು ಓದುವ ಕೀಲಿ ಅವರ ಹತ್ತಿರವೇ ಇರಲಿಲ್ಲ. ಇನ್ನೂ ಹಿಂದೆ, 2004ರ ಅಕ್ಟೋಬರ್‌ನಲ್ಲಿ, ಇಂಡಿಮೀಡಿಯಾ ಅನ್ನುವ ಸ್ವತಂತ್ರ ಸುದ್ದಿ ಜಾಲದ ಸರ್ವರುಗಳು ಲಂಡನ್ನಿನಲ್ಲಿದ್ದವು. ಹೋಸ್ಟಿಂಗ್ ಕಂಪನಿ ರ‍್ಯಾಕ್‌ಸ್ಪೇಸ್ ಅಮೆರಿಕದ್ದು. ಅಮೆರಿಕದಲ್ಲಿ ಬಂದ ಆದೇಶಕ್ಕೆ ಲಂಡನ್ನಿನ ಹಾರ್ಡ್‌ಡಿಸ್ಕ್‌ಗಳು ಹೊರಟವು, ಇಪ್ಪತ್ತಕ್ಕೂ ಹೆಚ್ಚು ತಾಣಗಳು ಒಟ್ಟಿಗೆ ಕತ್ತಲಾದವು. ಪೆಟ್ಟಿಗೆ ಎಲ್ಲಿದೆ ಅನ್ನುವುದು ಒಂದು, ಪೆಟ್ಟಿಗೆಯ ಯಜಮಾನ ಯಾವ ಊರಿನವ ಅನ್ನುವುದು ಇನ್ನೊಂದು.

ಇವೆರಡಕ್ಕೂ ಎದುರು ಇನ್ನೊಂದು ಪ್ರಕರಣ ಇದೆ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು ಸಂದೇಶ ಕಳಿಸುವ ಸಿಗ್ನಲ್ ಆ್ಯಪ್‌ನವರಿಗೆ ಸಮನ್ಸ್ ಕಳಿಸಿತು. ಅವರು ಆದೇಶ ಪಾಲಿಸಿದರು. ಕೊಟ್ಟಿದ್ದು ಎರಡೇ ಸಂಗತಿ: ಖಾತೆ ತೆರೆದ ದಿನ, ಕೊನೆಗೆ ಸಂಪರ್ಕಕ್ಕೆ ಬಂದ ದಿನ. ಅವರ ಹತ್ತಿರ ಇದ್ದದ್ದೇ ಅಷ್ಟು. ಜಗಳ ಇಲ್ಲ, ವೀರಾವೇಶ ಇಲ್ಲ. ನಿಮ್ಮ ಸರ್ವರ್ ಈ ತರಹ ಇರಬೇಕು. ಕೇಳಿದರೆ ಕೊಡುವುದಕ್ಕೆ ಏನೂ ಇರಬಾರದು.

ಈಗ ಹೆಸರುಗಳು. ಐಸ್‌ಲ್ಯಾಂಡಿನಲ್ಲಿ '1984' ಅನ್ನುವ ಹೋಸ್ಟಿಂಗ್ ಕಂಪನಿ 2006ರಿಂದ ಇದೆ. ಫ್ಲೋಕಿನೆಟ್ ಕೂಡ ಅಲ್ಲಿಯದೇ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮಿನ ಗ್ರೀನ್‌ಹೋಸ್ಟ್ ಸಂಘ ಸಂಸ್ಥೆಗಳ ಜೊತೆ ಬಹಳ ಕೆಲಸ ಮಾಡಿದೆ. ಸ್ವೀಡನ್ನಿನ ಕ್ಯೂರಿಯಂ ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲ, ದಾಳಿಗೆ ಸಿಕ್ಕಿದ ಸ್ವತಂತ್ರ ಪತ್ರಿಕೆಗಳಿಗೆ ಅದು ನೆಲೆ ಕೊಡುತ್ತದೆ. ಐಸ್‌ಲ್ಯಾಂಡಿಗೆ ಈ ಹೆಸರು ಬಂದಿದ್ದು 2010ರಲ್ಲಿ ಅಲ್ಲಿಯ ಸಂಸತ್ತು ಪತ್ರಕರ್ತರ ರಕ್ಷಣೆಗೆ ದೊಡ್ಡ ಠರಾವು ಮಾಡಿದ್ದರಿಂದ. ಠರಾವಿನಲ್ಲಿದ್ದ ಎಲ್ಲವೂ ಕಾನೂನಾಗಲಿಲ್ಲ, ಆದರೂ ವಾತಾವರಣ ಒಳ್ಳೆಯದಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಐಸ್‌ಲ್ಯಾಂಡ್ ಇಲ್ಲವೇ ನೆದರ್‌ಲ್ಯಾಂಡ್ಸ್‌ನ ಒಂದು ಸಣ್ಣ, ಹಳೆಯ ಕಂಪನಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಪ್ಲಾನ್ ತೆಗೆದುಕೊಳ್ಳುತ್ತಿದ್ದೆ. ಸ್ಟ್ಯಾಟಿಕ್ ಸೈಟಿಗೆ ಅಷ್ಟು ಬೇಕಾದಷ್ಟಾಯಿತು.

ತೆಗೆದುಕೊಳ್ಳುವ ಮೊದಲು ಅವರಿಗೆ ಒಂದು ಮೇಲ್ ಬರೆಯಿರಿ. ಲಾಗ್ ಎಷ್ಟು ದಿನ ಇಡುತ್ತೀರಿ, ನಾನು ಲಾಗ್ ನಿಲ್ಲಿಸಬಹುದೇ, ಹೊರದೇಶದ ಪೊಲೀಸರು ನೇರವಾಗಿ ಬರೆದರೆ ಏನು ಮಾಡುತ್ತೀರಿ, ಕಾನೂನು ಅಡ್ಡ ಬರದಿದ್ದರೆ ನನಗೆ ತಿಳಿಸುತ್ತೀರಾ ಅಂತ ಕೇಳಿ. ಉತ್ತರ ಬರುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. 'ನಮ್ಮಲ್ಲಿ 100% ಸುರಕ್ಷಿತ, ಯಾವ ಸರ್ಕಾರಕ್ಕೂ ಬಗ್ಗುವುದಿಲ್ಲ' ಅಂದರೆ ಆ ಅಂಗಡಿ ಬೇಡ. ಅಂಥ ಕಡೆ ನಿಮ್ಮ ನೆರೆಹೊರೆಯವರು ಮೋಸದ ಲಿಂಕ್ ಕಳಿಸುವವರೇ ಆಗಿರುತ್ತಾರೆ. ಅವರ ದೆಸೆಯಿಂದ ನಿಮ್ಮ ಐಪಿಗೂ ಕೆಟ್ಟ ಹೆಸರು ಬರುತ್ತದೆ.

'ನಮ್ಮ ವಿಪಿಎಸ್ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಬೀಗ ಹಾಕಿದೆ' ಅನ್ನುವ ಮಾತಿಗೂ ಮರುಳಾಗಬೇಡಿ. ಸರ್ವರ್ ಓಡುತ್ತಿರುವಾಗ ಕೀಲಿ ಅದರ ಮೆಮೊರಿಯಲ್ಲೇ ಇರುತ್ತದೆ. ಮನೆ ಮಾಲೀಕರ ಕೈಯಲ್ಲಿ ಯಾವಾಗಲೂ ಇನ್ನೊಂದು ಕೀಲಿ ಇರುತ್ತದೆ ಅಂತಲೇ ತಿಳಿಯಿರಿ. ಬ್ಯಾಕಪ್ ಮಾತ್ರ ನಿಮ್ಮ ಲ್ಯಾಪ್‌ಟಾಪಿನಲ್ಲೇ ಬೀಗ ಹಾಕಿ ಆಮೇಲೆ ಹೊರಗೆ ಕಳಿಸಿ.

ಸೈಟಿಗೂ ಓದುಗರಿಗೂ ನಡುವೆ ನಿಲ್ಲುವ ಕ್ಲೌಡ್‌ಫ್ಲೇರ್ ಸೇವೆ ಹಾಕಬೇಕೇ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಒಟ್ಟಿಗೆ ಲಕ್ಷಾಂತರ ಸುಳ್ಳು ಭೇಟಿ ನುಗ್ಗಿಸಿ ಸೈಟ್ ಕೆಡವುವವರಿಂದ ಅದು ಕಾಪಾಡುತ್ತದೆ. ಪತ್ರಕರ್ತರಿಗೆ ಪ್ರಾಜೆಕ್ಟ್ ಗೆಲಿಲಿಯೊ ಅಂತ ಉಚಿತ ಯೋಜನೆಯೂ ಅವರದ್ದಿದೆ. ಕೆನಡಾದ ಡಿಫ್ಲೆಕ್ಟ್ ಕೂಡ ಇಂಥದೇ. ಆದರೆ ನಡುವೆ ನಿಂತವರು ಬರುವ ಹೋಗುವ ಎಲ್ಲವನ್ನೂ ನೋಡಬಲ್ಲರು. ಬರೀ ಓದುವ ಪುಟಗಳಿಗೆ ಹಾಕಿಕೊಳ್ಳಿ, ತೊಂದರೆ ಇಲ್ಲ. ಯಾರಾದರೂ ಏನಾದರೂ ಬರೆದು ಕಳಿಸುವ ಪುಟಕ್ಕೆ ಬೇಡ. ಆ ಪುಟವೇ ಇರಬಾರದು ಅನ್ನುವುದು ನನ್ನ ಹಠ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರ. ಸರ್ಕಾರ ಮುಚ್ಚಿಸಿದ ಸೈಟುಗಳಿಗಿಂತ ರಿನ್ಯೂ ಮಾಡಲು ಮರೆತು ಮುಚ್ಚಿದ ಸೈಟುಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. 2021ರ ಅಕ್ಟೋಬರ್‌ನಿಂದ ಕಾರ್ಡಿನಲ್ಲಿ ತಾನಾಗಿಯೇ ಕಡಿತವಾಗುವ ಹಣಕ್ಕೆ ರಿಸರ್ವ್ ಬ್ಯಾಂಕ್ ಹೊಸ ನಿಯಮ ತಂದಿತು. ಆಮೇಲೆ ಹೊರದೇಶದ ಸಣ್ಣ ಕಂಪನಿಗಳಿಗೆ ನಮ್ಮ ಕಾರ್ಡಿನಿಂದ ತಿಂಗಳ ಕಂತು ಎಷ್ಟೋ ಸಲ ಹೋಗುವುದೇ ಇಲ್ಲ. ವರ್ಷದ ಹಣ ಒಂದೇ ಸಲ ಕಟ್ಟಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಕಂಪನಿಯ ಹೆಸರು ಕಾಣುತ್ತದೆ, ಕಾಣಲಿ ಬಿಡಿ. ನೀವು ನಿಮ್ಮ ಹೆಸರಿನಲ್ಲೇ ಪತ್ರಿಕೆ ನಡೆಸುವವರು. ಸೈಟಿನಲ್ಲಿ ದೂರು ಕೇಳುವವರ ಹೆಸರು, ಸಂಪರ್ಕ ವಿವರ ಇರಬೇಕು ಅಂತ 2021ರ ನಿಯಮವೂ ಹೇಳುತ್ತದೆ. ಬಿಟ್‌ಕಾಯಿನ್ ಕೊಟ್ಟು ಕದ್ದುಮುಚ್ಚಿ ಸರ್ವರ್ ತೆಗೆದುಕೊಂಡರೆ ಸುಮ್ನೆ ಅನುಮಾನಕ್ಕೆ ದಾರಿ. ಬಚ್ಚಿಡಬೇಕಾದದ್ದು ನಿಮಗೆ ಸುದ್ದಿ ಕೊಡುವವರನ್ನು, ನಿಮ್ಮನ್ನಲ್ಲ.

ಡೊಮೇನ್ (ಸೈಟಿನ ಹೆಸರು) ಮತ್ತು ಹೋಸ್ಟಿಂಗ್ ಒಂದೇ ಕಂಪನಿಯಲ್ಲಿ ಬೇಡ. ಒಂದು ಕಡೆ ಜಗಳವಾದರೆ ಎರಡೂ ಹೋಗುತ್ತವೆ. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ದೆಹಲಿಯ ನಿಕ್ಸಿ. ಅದು ಕೇಂದ್ರ ಸರ್ಕಾರದ ಐಟಿ ಸಚಿವಾಲಯ ಹುಟ್ಟುಹಾಕಿದ ಸಂಸ್ಥೆ. ನಿಮ್ಮದು ಡಾಟ್ ಇನ್ ಆಗಿದ್ದರೆ ಬಿಡಬೇಕಾಗಿಲ್ಲ, ಆದರೆ ಡಾಟ್ ಆರ್ಗ್ ಅಥವಾ ಡಾಟ್ ನೆಟ್‌ನಲ್ಲಿ ಅದೇ ಹೆಸರನ್ನು ಇವತ್ತೇ ಕೊಂಡಿಡಿ.

ಈಗ ಫಾರ್ಮ್ ತೆಗೆದ ಜಾಗದಲ್ಲಿ ಏನು ಹಾಕುವುದು? ಒಂದು ಸಿಗ್ನಲ್ ಯೂಸರ್‌ನೇಮ್ ಹಾಕಿ. 2024ರಿಂದ ಫೋನ್ ನಂಬರ್ ತೋರಿಸದೆ ಹೀಗೆ ಮಾಡಬಹುದು. ಸಂದೇಶಗಳು ವಾರಕ್ಕೊಮ್ಮೆ ತಾವೇ ಅಳಿಸಿಹೋಗುವ ಹಾಗೆ ಇಡಿ. ಅದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಿರಿ: ಆಫೀಸಿನ ಕಂಪ್ಯೂಟರ್, ಆಫೀಸಿನ ವೈಫೈ, ಆಫೀಸು ಕೊಟ್ಟ ಫೋನ್ ಬಳಸಬೇಡಿ, ಕಾಗದದ ಫೋಟೊ ತೆಗೆಯುವ ಮೊದಲು ಅದು ಎಷ್ಟು ಜನರ ಕೈಗೆ ಹೋದ ಪ್ರತಿ ಅಂತ ಯೋಚಿಸಿ. ಮೂರೇ ಜನರಿಗೆ ಹೋದ ಕಾಗದವನ್ನು ಹಾಗೇ ಅಚ್ಚು ಹಾಕಿದರೆ ಯಾವ ತಂತ್ರಜ್ಞಾನವೂ ಉಳಿಸುವುದಿಲ್ಲ. ಅದಕ್ಕೆ ನೀವೇ ಟೈಪ್ ಮಾಡಿ ಹಾಕಿ, ಮೂಲ ತೋರಿಸಬೇಡಿ. ಇನ್ನೂ ದೊಡ್ಡ ಕಡತ ಬರುವ ಸಾಧ್ಯತೆ ಇದ್ದರೆ ಆನಿಯನ್‌ಶೇರ್ ಎಂಬ ತಂತ್ರಾಂಶ ನೋಡಿ. ಅದು ಕಳಿಸಿದವರ ಗುರುತು ಮರೆಸುವ ಟಾರ್ ಜಾಲದ ಮೂಲಕ ಹೋಗುತ್ತದೆ, ನಡುವೆ ಯಾವ ಹೋಸ್ಟಿಂಗ್ ಕಂಪನಿಯೂ ಇಲ್ಲ. ಸೆಕ್ಯೂರ್‌ಡ್ರಾಪ್ ಅಂತ ದೊಡ್ಡ ಪತ್ರಿಕೆಗಳು ಬಳಸುವ ವ್ಯವಸ್ಥೆಯೂ ಇದೆ. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು, ಮೂವರ ಬಳಗಕ್ಕೆ ಹೊರೆ.

ಜೊತೆಗೆ ನಿಮ್ಮ ಅಂಚೆ ವಿಳಾಸವನ್ನೂ ಹಾಕಿ. ನಗಬೇಡಿ. ದಾದರ್ ಸ್ಟೇಷನ್ ಹತ್ತಿರದ ಡಬ್ಬಕ್ಕೆ ಹೆಸರಿಲ್ಲದ ಕವರ್ ಹಾಕಿದವರನ್ನು ಹುಡುಕುವುದು ಎಂಥವರಿಗೂ ಕಷ್ಟ. ಎದುರು ಬದುರು ಕೂತು ಮಾತಾಡಬೇಕಾದರೆ ಇಬ್ಬರೂ ಫೋನನ್ನು ಮನೆಯಲ್ಲಿ ಬಿಟ್ಟು ಬನ್ನಿ. ಆಫ್ ಮಾಡಿ ತರುವುದಲ್ಲ, ಬಿಟ್ಟು ಬರುವುದು. ಒಂದೇ ಟವರಿನ ಕೆಳಗೆ ಒಂದೇ ಹೊತ್ತಿಗೆ ಎರಡು ಫೋನ್ ಆಫ್ ಆಗುವುದೂ ಒಂದು ಸುಳಿವೇ.

ಇಷ್ಟೆಲ್ಲ ಮಾಡಿ ಲ್ಯಾಪ್‌ಟಾಪ್ ತೆರೆದಿಟ್ಟರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಪುಣೆಯ ಎಲ್ಗಾರ್ ಪರಿಷತ್ ಪ್ರಕರಣದಲ್ಲಿ ಆರೋಪಿಯಾಗಿದ್ದ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿನ ನಕಲನ್ನು ಅವರ ವಕೀಲರ ಕಡೆಯಿಂದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಪರೀಕ್ಷಿಸಿತು. ಒಂದು ಇಮೇಲ್ ಮೂಲಕ ನೆಟ್‌ವೈರ್ ಎಂಬ ಮಾಲ್‌ವೇರ್ (ಕದ್ದು ಸೇರಿಕೊಳ್ಳುವ ತಂತ್ರಾಂಶ) ಒಳಗೆ ಬಂದು, ಆಮೇಲೆ ಕಡತಗಳನ್ನು ತಂದಿಟ್ಟಿತು ಅಂತ 2021ರ ಫೆಬ್ರವರಿಯ ವರದಿ ಹೇಳಿತು. ಅದೇ ವರ್ಷ ಫೋನಿನೊಳಗೆ ಕೂರುವ ಬೇಹುಗಾರಿಕೆ ತಂತ್ರಾಂಶ ಪೆಗಾಸಸ್‌ನ ಸುದ್ದಿ ಹೊರಬಂತು. ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ಸಮಿತಿ ಮಾಡಿತು. ಪರೀಕ್ಷಿಸಿದ 29 ಫೋನುಗಳಲ್ಲಿ 5ರಲ್ಲಿ ಯಾವುದೋ ಮಾಲ್‌ವೇರ್ ಸಿಕ್ಕಿತು, ಅದು ಪೆಗಾಸಸ್ಸೇ ಅಂತ ಖಚಿತವಾಗಲಿಲ್ಲ. ಈ ಯಾವುದರಲ್ಲೂ ಹೋಸ್ಟಿಂಗ್ ಕಂಪನಿಯ ಪಾತ್ರವೇ ಇಲ್ಲ, ನೋಡಿ. ಫೋನಿನ ಅಪ್‌ಡೇಟ್ ಬಂದ ದಿನವೇ ಹಾಕಿ. ಲ್ಯಾಪ್‌ಟಾಪಿನ ಡಿಸ್ಕ್‌ಗೆ ಎನ್‌ಕ್ರಿಪ್ಶನ್ ಹಾಕಿ, ಇಲ್ಲಿ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಅಪರಿಚಿತರು ಕಳಿಸಿದ ಕಡತವನ್ನು ಕೆಲಸದ ಯಂತ್ರದಲ್ಲಿ ತೆರೆಯಬೇಡಿ. ಇಂಥದಕ್ಕೆ ಮೂವರೂ ಸೇರಿ ಒಂದು ಹಳೆಯ ಲ್ಯಾಪ್‌ಟಾಪ್ ಬೇರೆ ಇಡಿ, ಅದಕ್ಕೆ ಇಂಟರ್ನೆಟ್ ಬೇಡ.

ಒಂದು ಮಾತು ತುಂಬಾ ಮುಖ್ಯ. ಇದನ್ನೆಲ್ಲ ಓದಿ ಇವತ್ತು ರಾತ್ರಿಯೇ ಹಳೆಯ ಮೇಲ್, ಡೇಟಾಬೇಸ್ ಎಲ್ಲ ಅಳಿಸಲು ಕೂರಬೇಡಿ. ನಿಮ್ಮಲ್ಲಿಗೆ ಆಗಲೇ ಇಬ್ಬರು ಬಂದು ಹೋಗಿದ್ದಾರೆ. ವಿಚಾರಣೆ ಏನಾದರೂ ಶುರುವಾಗಿದ್ದರೆ, ಅಳಿಸಿದ್ದು ಸಾಕ್ಷ್ಯ ನಾಶದ ಆರೋಪವಾಗಿ ನಿಮ್ಮ ಮೇಲೇ ಬರಬಹುದು. ಇನ್ನು ಮುಂದೆ ಕೂಡಿಸುವುದನ್ನು ನಿಲ್ಲಿಸುವುದು ಬೇರೆ, ಇದ್ದದ್ದನ್ನು ಅಳಿಸುವುದು ಬೇರೆ. ಫಾರ್ಮ್, ಕಾಮೆಂಟ್, ಅನಾಲಿಟಿಕ್ಸ್ ಇವತ್ತೇ ನಿಲ್ಲಿಸಿ. ಹಳೆಯದರ ಬಗ್ಗೆ ವಕೀಲರನ್ನು ಕೇಳಿ. ದೆಹಲಿಯ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಮತ್ತು ಎಸ್‌ಎಫ್‌ಎಲ್‌ಸಿ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆಗಳು ಇಂಥ ವಿಷಯದಲ್ಲಿ ನೆರವಾಗುತ್ತವೆ. ತಾಂತ್ರಿಕ ತುರ್ತಿಗೆ ಆ್ಯಕ್ಸೆಸ್ ನೌ ಸಂಸ್ಥೆಯ ಸಹಾಯವಾಣಿ ದಿನದ 24 ಗಂಟೆಯೂ ಇದೆ, ಪತ್ರಕರ್ತರಿಗೆ ಉಚಿತ. ಮುಂಬೈಯಲ್ಲಿದ್ದೇವೆ ಅನ್ನುವುದು ಒಂದು ಅನುಕೂಲವೂ ಹೌದು. 2021ರ ಐಟಿ ನಿಯಮದ ಒಂದು ಭಾಗಕ್ಕೆ ಆ ವರ್ಷದ ಆಗಸ್ಟ್ 14ರಂದು ತಡೆ ಕೊಟ್ಟಿದ್ದು ಬಾಂಬೆ ಹೈಕೋರ್ಟೇ, ಸರ್ಕಾರದ ಫ್ಯಾಕ್ಟ್ ಚೆಕ್ ಘಟಕದ ನಿಯಮವನ್ನು 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿದ್ದೂ ಅದೇ. ಇಲ್ಲಿ ಈ ವಿಷಯ ಗೊತ್ತಿರುವ ವಕೀಲರು ಸಿಗುತ್ತಾರೆ.

ಲೆಕ್ಕ ಹಾಕಿದರೆ ನಿಮ್ಮ ಸಾವಿರ ರೂಪಾಯಿಯೊಳಗೆ ಎಲ್ಲ ಮುಗಿಯುತ್ತದೆ. ಸಣ್ಣ ಹೋಸ್ಟಿಂಗ್‌ಗೆ ಐನೂರು ಆರುನೂರು, ಬೇರೆ ಕಡೆಯ ಇಮೇಲ್‌ಗೆ ಮುನ್ನೂರು, ಡೊಮೇನ್ ವರ್ಷಕ್ಕೊಮ್ಮೆ. ಸಿಗ್ನಲ್ ಉಚಿತ. ಕವರಿನ ಸ್ಟಾಂಪ್ ಸುದ್ದಿ ಕೊಟ್ಟವರದ್ದು.

ಒಂದು ಸಂಗತಿ ನೀವು ಬರೆದಿಲ್ಲ. ಆ ಇಬ್ಬರು ಬಂದಾಗ ಕೈಯಲ್ಲಿ ಕಾಗದ ಏನಾದರೂ ಇತ್ತೇ? ಯಾವ ಇಲಾಖೆಯವರು ಅಂತ ಹೇಳಿದರೇ? ಬರೀ ಬಾಯಿಮಾತಾಗಿದ್ದರೆ ಬಂದ ದಿನ, ಹೊತ್ತು, ಆಡಿದ ಮಾತು ನೆನಪಿರುವಾಗಲೇ ಕೈಬರಹದಲ್ಲಿ ಬರೆದು ಸಹಿ ಹಾಕಿಡಿ. ಕಾಗದ ತಂದಿದ್ದರೆ ಸರ್ವರ್ ಬದಲಿಸುವ ಕೆಲಸಕ್ಕೆ ಕೈ ಹಾಕುವ ಮೊದಲೇ ಅದನ್ನು ವಕೀಲರಿಗೆ ತೋರಿಸಿ. ಭಾವ ಮುಂದಿನ ಶನಿವಾರ ಬರಲಿ.